ಫರಸಿ ಸೀಮೆಯಲ್ಲಿ ಹವಳದ ತೊಟ್ಟಿ

ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಮನೆಗಳಲ್ಲಿ ನೆಲಕ್ಕೆ ಹಾಸುವುದು ಫರಸಿ. ಅಡುಗೆಕಟ್ಟೆಗೂ ಅದೇ, ಬಚ್ಚಲಿಗೂ ಅದೇ, ಎಷ್ಟೋ ಹಳ್ಳಿಗಳಲ್ಲಿ ಗೋಡೆಗೂ ಮಾಳಿಗೆಗೂ ಅದೇ. ಪಾಲಿಶ್ ಮಾಡಿದ ಫರಸಿಯ ಮೇಲೆ ಲಿಂಬೆರಸದ ಹನಿ ಬಿದ್ದು ಒರೆಸದೆ ಉಳಿದರೆ ಆ ಜಾಗದ ಹೊಳಪು ಹೋಗಿ ಬಿಳಿಚಿದ ಗುರುತು ಕೂರುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹೋಗುವುದಾದರೂ ಹೇಗೆ? ಅದು ಕಲೆಯಲ್ಲ, ತಗ್ಗು. ರಸ ಬಿದ್ದ ಕ್ಷಣದಲ್ಲೇ ಭೂತಗನ್ನಡಿ ಹಿಡಿದು ನೋಡಿದರೆ ಹನಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಲಿಂಬೆಯ ಹುಳಿ ಕಲ್ಲನ್ನು ಕರಗಿಸುತ್ತಿದೆ, ಕಲ್ಲಿನೊಳಗೆ ಬಂದಿಯಾಗಿದ್ದ ಕಾರ್ಬನ್ ಡೈ ಆಕ್ಸೈಡ್ ಹೊರಬರುತ್ತಿದೆ. ಕೋಟ್ಯಂತರ ವರ್ಷಗಳ ಹಿಂದೆ ಒಂದು ಸಮುದ್ರದ ನೀರಿನಲ್ಲಿ ಕರಗಿದ್ದ ಇಂಗಾಲ ಅದು.

ಫರಸಿ ಎಂದರೆ ಸುಣ್ಣದಕಲ್ಲು, ರಸಾಯನಶಾಸ್ತ್ರದ ಹೆಸರು ಕ್ಯಾಲ್ಸಿಯಂ ಕಾರ್ಬೋನೇಟ್. ಹವಳದ ಹುಳ ತನ್ನ ಗೂಡು ಕಟ್ಟುವುದೂ ಇದೇ ವಸ್ತುವಿನಿಂದ. ಹರಳಿನ ಜೋಡಣೆಯಲ್ಲಿ ವ್ಯತ್ಯಾಸವಿದೆ, ವಸ್ತುವಿನಲ್ಲಿ ಇಲ್ಲ. ಹಾಗಾಗಿ ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಈ ಸೀಮೆಯಲ್ಲಿ ಕುಳಿತು ಹವಳದ ತೊಟ್ಟಿಯ ಬಗ್ಗೆ ಯೋಚಿಸುವುದು ಅಸಂಬದ್ಧವೇನಲ್ಲ. ಉಪ್ಪುನೀರಿನ ಅಕ್ವೇರಿಯಂ ಸಾಕುವವರ ನಡುವೆ ದಶಕಗಳಿಂದ ನಡೆದಿರುವ ಒಂದು ವಾದಕ್ಕೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ವಾದ ಇಷ್ಟೇ: ಹವಳ ಬೆಳೆಸುವ ತೊಟ್ಟಿಯ ನೀರನ್ನು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಒಂದಿಷ್ಟು ತೆಗೆದು ಹೊಸದಾಗಿ ಉಪ್ಪು ಕಲಸಿದ ನೀರು ತುಂಬಲೇಬೇಕೇ? ಬೇಕೇ ಬೇಕು, ವಾರಕ್ಕೆ ನೂರಕ್ಕೆ ಹತ್ತರಷ್ಟಾದರೂ ಬೇಕು ಎನ್ನುವವರಿದ್ದಾರೆ. ವರ್ಷಗಟ್ಟಲೆ ಒಂದು ಚೊಂಬು ನೀರನ್ನೂ ಬದಲಿಸದೆ ಹವಳ ಬೆಳೆಸಿದವರೂ ಇದ್ದಾರೆ. ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ. ಒಂದೇ ಕೆಲಸ ಒಬ್ಬರಿಗೆ ಅನಿವಾರ್ಯವಾಗಿ ಇನ್ನೊಬ್ಬರಿಗೆ ಅನವಶ್ಯಕವಾಗುವುದು ಹೇಗೆ ಎಂಬುದನ್ನು ಬಿಡಿಸಿಕೊಳ್ಳಬೇಕಾದರೆ ತೊಟ್ಟಿಯನ್ನು ಸ್ವಲ್ಪ ಹೊತ್ತು ಬಿಟ್ಟು ಸಮುದ್ರದ ಕಡೆ ನೋಡಬೇಕು. ಯಾಕೆಂದರೆ ಸಮುದ್ರದ ನೀರನ್ನು ಯಾರೂ ಬದಲಿಸುವುದಿಲ್ಲ.

1899ರಲ್ಲಿ ಡಬ್ಲಿನ್‌ನ ಜಾನ್ ಜೋಲಿ ಎಂಬ ವಿಜ್ಞಾನಿ ಒಂದು ಲೆಕ್ಕ ಮಂಡಿಸಿದ. ನದಿಗಳು ಪ್ರತಿವರ್ಷ ಇಷ್ಟು ಸೋಡಿಯಂ ಹೊತ್ತು ತಂದು ಸಮುದ್ರಕ್ಕೆ ಸುರಿಯುತ್ತವೆ, ಸಮುದ್ರದಲ್ಲಿ ಈಗ ಒಟ್ಟು ಇಷ್ಟು ಸೋಡಿಯಂ ಇದೆ, ಇದನ್ನು ಅದರಿಂದ ಭಾಗಿಸಿದರೆ ಸಮುದ್ರ ಹುಟ್ಟಿ ಎಷ್ಟು ವರ್ಷವಾಯಿತೆಂದು ತಿಳಿಯುತ್ತದೆ ಎಂಬುದು ಅವನ ತರ್ಕ. ಉತ್ತರ ಎಂಟು ಒಂಬತ್ತು ಕೋಟಿ ವರ್ಷ ಬಂತು. ಭೂಮಿಯ ವಯಸ್ಸು 450 ಕೋಟಿ ವರ್ಷಕ್ಕೂ ಹೆಚ್ಚೆಂದು ಇಂದು ನಮಗೆ ಗೊತ್ತು. ಜೋಲಿಯ ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿರಲಿಲ್ಲ. ಅವನು ಜಮೆಯನ್ನು ಬರೆದ, ಖರ್ಚನ್ನು ಬರೆಯಲಿಲ್ಲ. ಸೋಡಿಯಂ ಸಮುದ್ರಕ್ಕೆ ಬಂದು ಸೇರುವಂತೆಯೇ ಅಲ್ಲಿಂದ ಹೊರಗೂ ಹೋಗುತ್ತದೆ. ಒಣಗಿದ ಕೊಲ್ಲಿಗಳಲ್ಲಿ ಉಪ್ಪಿನ ಪದರಾಗಿ, ತಳದ ಕೆಸರಿನ ಜೇಡಿಯೊಳಗೆ ಸೇರಿ, ಸಾಗರತಳದ ಬಿಸಿ ಬಂಡೆಗಳಲ್ಲಿ ಬೆರೆತು ಹೋಗುತ್ತದೆ. ಜೋಲಿ ಅಳೆದದ್ದು ಸಮುದ್ರದ ವಯಸ್ಸನ್ನಲ್ಲ, ಒಂದು ಸೋಡಿಯಂ ಕಣ ಸರಾಸರಿ ಎಷ್ಟು ಕಾಲ ಸಮುದ್ರದಲ್ಲಿ ತಂಗುತ್ತದೆ ಎಂಬುದನ್ನು.

ಕ್ಯಾಲ್ಸಿಯಂನ ತಂಗುವಿಕೆ ಇನ್ನೂ ಕಡಿಮೆ, ಸುಮಾರು 10 ಲಕ್ಷ ವರ್ಷ. ಭೂಮಿಯ ಲೆಕ್ಕದಲ್ಲಿ ಅದು ಬಹಳ ಚಿಕ್ಕ ಅವಧಿ. ಬಂದ ಕ್ಯಾಲ್ಸಿಯಂ ಬಹುಪಾಲು ಸುಣ್ಣದಕಲ್ಲಾಗಿ ತಳಕ್ಕಿಳಿಯುತ್ತದೆ. ಹಾಗೆ ಇಳಿದದ್ದರ ಒಂದು ಭಾಗವೇ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಅಡಿಯಲ್ಲಿರುವ ಭೀಮಾ ಶ್ರೇಣಿಯ ಬಂಡೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನದ ಗ್ರಂಥದಲ್ಲಿ ಈ ಪದರುಗಳ ವರ್ಣನೆಯಿದೆ. ಹಳೆಯ ಗ್ರಾನೈಟ್ ನೆಲದ ಮೇಲೆ ಆಳವಿಲ್ಲದ ಸಮುದ್ರ ಹರಡಿಕೊಂಡು, ಅದರ ತಳದಲ್ಲಿ ಮೊದಲು ಮರಳು, ಜೇಡಿ, ಆಮೇಲೆ ಸುಣ್ಣದ ಕೆಸರು ತೆಳ್ಳಗೆ ಪದರು ಪದರಾಗಿ ಕೂತಿತು. ಆ ತೆಳು ಪದರಿನಿಂದಲೇ ಶಹಾಬಾದಿನ ಖಣಿಗಳಲ್ಲಿ ಹಾರೆ ಹಾಕಿ ಎಬ್ಬಿಸಿದರೆ ಕಲ್ಲು ಹಲಗೆಯಾಗಿ ಬಿಡಿಸಿಕೊಳ್ಳುತ್ತದೆ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪದ ಮೇಲೆ ಅಶೋಕನ ರೂಪವನ್ನೂ ಅವನ ಹೆಸರನ್ನೂ ಕೆತ್ತಿದ ಶಿಲ್ಪಿಗಳು ಉಳಿಯಿಟ್ಟದ್ದೂ ಸುಣ್ಣದಕಲ್ಲಿನ ಮೇಲೆಯೇ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಫರಸಿಯನ್ನು ಹವಳಗಳು ಕಟ್ಟಲಿಲ್ಲ. ಈ ಪದರುಗಳು ಕೂತಾಗ ಭೂಮಿಯ ಮೇಲೆ ಹವಳವಿರಲಿಲ್ಲ, ಶಂಖವಿರಲಿಲ್ಲ, ಚಿಪ್ಪಿರುವ ಯಾವ ಪ್ರಾಣಿಯೂ ಇರಲಿಲ್ಲ. ಐವತ್ತು ಕೋಟಿ ವರ್ಷಕ್ಕೂ ಹಿಂದಿನ ಮಾತು ಅದು. ಫರಸಿಯಲ್ಲಿ ಎಷ್ಟು ಹುಡುಕಿದರೂ ಕಪ್ಪೆಚಿಪ್ಪಿನ ಗುರುತು ಸಿಕ್ಕದಿರುವುದು ಅದಕ್ಕೇ. ನೀರಿನಲ್ಲಿ ಸುಣ್ಣದಂಶ ತುಂಬಿ ತುಳುಕಿದಾಗ, ಸೂಕ್ಷ್ಮಜೀವಿಗಳ ಒಂದಿಷ್ಟು ನೆರವಿನಿಂದ, ಅದು ತಾನೇ ಕೆಸರಾಗಿ ಇಳಿದಿದೆ. ಇಂದು ಕಾಗಿಣಾ ನದಿ ಮಳಖೇಡದ ಕೋಟೆಯ ಪಕ್ಕದಲ್ಲಿ ಹರಿಯುತ್ತ ಅದೇ ಕಲ್ಲನ್ನು ಚೂರುಚೂರೇ ಕರಗಿಸಿಕೊಂಡು ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ ಒಯ್ಯುತ್ತಿವೆ. ಸಮುದ್ರ ನೀರು ಬದಲಿಸದೆ ಬದುಕಿರುವುದು ಹೀಗೆ: ಬರುವುದಕ್ಕೆ ದಾರಿ ಇದೆ, ಹೋಗುವುದಕ್ಕೂ ದಾರಿ ಇದೆ.

ತೊಟ್ಟಿಯ ಪ್ರಶ್ನೆಯೂ ಇದೇ. ನೀರು ಬದಲಿಸಬೇಕೇ ಎಂದು ಕೇಳುವ ಮೊದಲು, ಏನು ಖರ್ಚಾಗುತ್ತಿದೆ, ಏನು ಸೇರಿಕೊಳ್ಳುತ್ತಿದೆ ಎಂದು ಕೇಳಬೇಕು.

ಸೇರಿಕೊಳ್ಳುವ ವಸ್ತುವಿನಲ್ಲಿ ಎಲ್ಲರಿಗೂ ಗೊತ್ತಿರುವುದು ನೈಟ್ರೇಟ್. ಮೀನು ತಿಂದ ಆಹಾರದ ಸಾರಜನಕ ಮೊದಲು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಒಂದು ತೊಟ್ಟಿಯಲ್ಲಿ ವಾರಕ್ಕೆ ಲೀಟರಿಗೆ 5 ಮಿಲಿಗ್ರಾಂ ನೈಟ್ರೇಟ್ ಏರುತ್ತದೆ ಎಂದುಕೊಳ್ಳೋಣ. ವಾರವಾರವೂ ನೂರಕ್ಕೆ ಹತ್ತರಷ್ಟು ನೀರು ಬದಲಿಸುತ್ತ ಹೋದರೆ ಏನಾಗುತ್ತದೆ? ಮೊದಲ ವಾರ 5 ಇದ್ದದ್ದು ಬದಲಿಸಿದ ಮೇಲೆ 4.5. ಮುಂದಿನ ವಾರ 9.5, ಬದಲಿಸಿದ ಮೇಲೆ 8.55. ಹೀಗೆ ಏರುತ್ತ ಏರುತ್ತ ಅದು ನಿಲ್ಲುವುದು 50ರಲ್ಲಿ. ಅಲ್ಲಿಗೆ ತಲುಪಿದ ಮೇಲೆ ವಾರಕ್ಕೆ ಸೇರುವ 5 ಮತ್ತು ತೆಗೆಯುವ 5 ಸರಿಸಮ. ನೂರಕ್ಕೆ ಇಪ್ಪತ್ತರಷ್ಟು ಬದಲಿಸಿದರೆ 25ರಲ್ಲಿ ನಿಲ್ಲುತ್ತದೆ. ಹವಳದ ದಿಬ್ಬದ ಸುತ್ತಲಿನ ಸಮುದ್ರದಲ್ಲಿ ನೈಟ್ರೇಟ್ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಎಷ್ಟೋ ಕಡಿಮೆ. ಅಂದರೆ ನೀರು ಬದಲಿಸುವುದರಿಂದ ನೈಟ್ರೇಟಿಗೆ ಒಂದು ಮಿತಿ ಬೀಳುತ್ತದೆ, ಆದರೆ ಆ ಮಿತಿ ಸಮುದ್ರದ ಹತ್ತಿರಕ್ಕೂ ಬರುವುದಿಲ್ಲ. ನಿಜವಾದ ಕೆಲಸ ಮಾಡುವುದು ತೊಟ್ಟಿಯೊಳಗಿನ ಸರಂಧ್ರ ಕಲ್ಲು: ಅದರ ಒಳಗೆ, ಆಮ್ಲಜನಕ ತಲುಪದ ಜಾಗದಲ್ಲಿ, ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಅನಿಲವಾಗಿ ಗಾಳಿಗೆ ಕಳಿಸುತ್ತವೆ. ಇದರ ಜೊತೆಗೆ ಪ್ರೋಟೀನ್ ಸ್ಕಿಮ್ಮರ್ ಕೊಳೆಯನ್ನು ಕೊಳೆಯುವ ಮೊದಲೇ ನೊರೆಯಾಗಿ ಎತ್ತಿ ಹಾಕುತ್ತದೆ, ಬೆಳೆದ ಪಾಚಿಯನ್ನು ಆಗಾಗ ಕತ್ತರಿಸಿ ತೆಗೆದರೆ ಅದರೊಂದಿಗೆ ನೈಟ್ರೇಟೂ ಫಾಸ್ಫೇಟೂ ಹೋಗುತ್ತವೆ.

ಫಾಸ್ಫೇಟಿನ ಕಥೆ ಇನ್ನೂ ಹಟದ್ದು. ಅದು ಸುಣ್ಣದಕಲ್ಲಿಗೆ ಅಂಟಿಕೊಳ್ಳುವ ವಸ್ತು. ನೀರು ಬದಲಿಸಿದ ದಿನ ಪರೀಕ್ಷೆಯಲ್ಲಿ ಕಡಿಮೆ ತೋರಿಸುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಕಲ್ಲು, ಮರಳು ತಮ್ಮಲ್ಲಿದ್ದದ್ದನ್ನು ಬಿಟ್ಟುಕೊಟ್ಟು ಮತ್ತೆ ಮೊದಲಿನ ಮಟ್ಟ.

ಇನ್ನು ಖರ್ಚಿನ ಕಡೆ ಬರೋಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಮೆಗ್ನೀಸಿಯಂ ಇದೆ. ಕ್ಷಾರತೆ, ಅಂದರೆ ಮುಖ್ಯವಾಗಿ ಬೈಕಾರ್ಬೋನೇಟ್, ನಮ್ಮ ನೀರಿನ ಪರೀಕ್ಷಾ ವರದಿಗಳಲ್ಲಿ ಬರೆಯುವಂತೆ ಸುಣ್ಣದಕಲ್ಲಿನ ಲೆಕ್ಕಕ್ಕೆ ತಂದರೆ, ಲೀಟರಿಗೆ ಸುಮಾರು 115 ಮಿಲಿಗ್ರಾಂ. ಚೆನ್ನಾಗಿ ಬೆಳೆಯುತ್ತಿರುವ ಗಟ್ಟಿ ಹವಳಗಳ ತೊಟ್ಟಿಯಲ್ಲಿ ದಿನಕ್ಕೆ ಲೀಟರಿಗೆ 25 ಮಿಲಿಗ್ರಾಂ ಸುಣ್ಣದಕಲ್ಲು ಕಟ್ಟಿಕೊಳ್ಳುವುದು ಅಸಾಮಾನ್ಯವೇನಲ್ಲ. 200 ಲೀಟರ್ ತೊಟ್ಟಿಗೆ ದಿನಕ್ಕೆ 5 ಗ್ರಾಂ, ವರ್ಷಕ್ಕೆ ಎರಡು ಕಿಲೋ ಹತ್ತಿರ. ಇದಕ್ಕೆ ದಿನಕ್ಕೆ ಬೇಕಾಗುವ ಕ್ಯಾಲ್ಸಿಯಂ ಲೀಟರಿಗೆ 10 ಮಿಲಿಗ್ರಾಂ. 420ರಲ್ಲಿ ಇದು ದೊಡ್ಡದಲ್ಲ, ಒಂದು ತಿಂಗಳಿಗೂ ಮೀರಿ ಸಾಕಾದೀತು. ಕ್ಷಾರತೆ ಮಾತ್ರ 115ರಲ್ಲಿ ದಿನಕ್ಕೆ 25 ಹೋಗುತ್ತದೆ, ಐದನೆಯ ದಿನಕ್ಕೆ ಖಾಲಿ. ನಿಜದಲ್ಲಿ ಖಾಲಿಯಾಗುವವರೆಗೆ ಬರುವುದಿಲ್ಲ. ಅದಕ್ಕೆ ಎಷ್ಟೋ ಮೊದಲೇ ಹವಳ ಬೆಳವಣಿಗೆ ನಿಲ್ಲಿಸಿ ಸೊರಗುತ್ತದೆ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸುವುದರಿಂದ ಈ ತೊಟ್ಟಿಗೆ ಏನೂ ಆಗದು. ವಾರಕ್ಕೆ 175 ಬೇಕಾದ ಕಡೆ ಆ ಹೊಸ ನೀರು ತರುವುದು ಹೆಚ್ಚೆಂದರೆ 11 ಅಥವಾ 12.

ಹವಳಕ್ಕೆ ಕ್ಯಾಲ್ಸಿಯಂ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಮೊದಲು ಮುಗಿಯುವುದು ಕ್ಯಾಲ್ಸಿಯಂ ಅಲ್ಲ, ಕ್ಷಾರತೆ. ಹವಳ ಸಾಕುವವರು ಒಂದೇ ಒಂದು ಪರೀಕ್ಷಾ ಕಿಟ್ ಕೊಳ್ಳುವುದಾದರೆ ಅದು ಕ್ಷಾರತೆಯದ್ದಾಗಿರಲಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಹೊರಗಿನಿಂದ ಹಾಕಬೇಕು. ಏನು ಹಾಕುತ್ತೇವೆ ಎಂಬುದರ ಮೇಲೆಯೇ ನೀರು ಬದಲಿಸಬೇಕೋ ಬೇಡವೋ ಎಂಬುದು ನಿಂತಿದೆ. ಬಹಳ ಜನ ಬಳಸುವುದು ಎರಡು ದ್ರಾವಣಗಳನ್ನು. ಒಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಸೋಡಿಯಂ ಬೈಕಾರ್ಬೋನೇಟ್, ಅಂದರೆ ಅಡುಗೆ ಸೋಡಾ. ಹವಳ ಮೊದಲನೆಯದರಿಂದ ಕ್ಯಾಲ್ಸಿಯಂ, ಎರಡನೆಯದರಿಂದ ಬೈಕಾರ್ಬೋನೇಟ್ ಎತ್ತಿಕೊಳ್ಳುತ್ತದೆ. ಉಳಿದ ಸೋಡಿಯಂ ಮತ್ತು ಕ್ಲೋರೈಡ್? ಅವು ಅಲ್ಲೇ ಉಳಿದು ಊಟದ ಉಪ್ಪಾಗುತ್ತವೆ. ಮೇಲಿನ ತೊಟ್ಟಿಯಲ್ಲಿ ದಿನಕ್ಕೆ ಲೀಟರಿಗೆ 29 ಮಿಲಿಗ್ರಾಂ ಉಪ್ಪು ಹೀಗೆ ಸೇರುತ್ತದೆ. ವರ್ಷಕ್ಕೆ ಲೀಟರಿಗೆ 10 ಗ್ರಾಂ ದಾಟುತ್ತದೆ, ಇಡೀ ತೊಟ್ಟಿಗೆ ಎರಡು ಕಿಲೋಗೂ ಮೀರಿ. ಸಮುದ್ರದ ನೀರಿನ ಒಟ್ಟು ಲವಣವೇ ಲೀಟರಿಗೆ 35 ಗ್ರಾಂ ಸುಮಾರು. ಉಪ್ಪಿನಂಶ ಏರಿತೆಂದು ಸಾಕುವವರು ಸ್ವಲ್ಪ ತೆಗೆದು ಸಿಹಿನೀರು ಸೇರಿಸಿ ಸರಿ ಮಾಡುತ್ತಾರೆ. ಮೀಟರ್ 35 ಎಂದೇ ತೋರಿಸುತ್ತದೆ. ಆದರೆ ಆ 35ರೊಳಗೆ ಪೊಟ್ಯಾಸಿಯಂ, ಸಲ್ಫೇಟ್, ಮೆಗ್ನೀಸಿಯಂಗಳ ಪಾಲು ತಿಂಗಳು ತಿಂಗಳಿಗೂ ಇಳಿಯುತ್ತಿರುತ್ತದೆ. ಇಲ್ಲಿ ವಾರದ ಹತ್ತರಷ್ಟು ಬದಲಾವಣೆ ನಿಜಕ್ಕೂ ಬೆಲೆಯುಳ್ಳದ್ದು: ಹೆಚ್ಚುವರಿ ಉಪ್ಪನ್ನು ಲೀಟರಿಗೆ ಸುಮಾರು 2 ಗ್ರಾಂನಲ್ಲೇ ಅದು ಹಿಡಿದಿಡುತ್ತದೆ. ನೈಟ್ರೇಟಿನ ವಿಷಯದಲ್ಲಿ ಸೋಲುವ ಅದೇ ಉಪಾಯ ಇಲ್ಲಿ ಗೆಲ್ಲುತ್ತದೆ.

ಇನ್ನೊಂದು ದಾರಿ ಸುಣ್ಣದ ತಿಳಿನೀರು. 1970ರ ದಶಕದಲ್ಲಿ ಜರ್ಮನ್ ಭಾಷೆಯ ಅಕ್ವೇರಿಯಂ ಲೋಕದಲ್ಲಿ ಪೀಟರ್ ವಿಲ್ಕೆನ್ಸ್ ಇದನ್ನು ಬಳಕೆಗೆ ತಂದರು. ಎಲೆ ಅಡಿಕೆಗೆ ಹಚ್ಚಿಕೊಳ್ಳುವ ಅರಳಿದ ಸುಣ್ಣವೇ ಇದರ ಮೂಲ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಒಂದು ಲೀಟರ್ ಶುದ್ಧ ನೀರಿನಲ್ಲಿ ಹೆಚ್ಚೆಂದರೆ ಒಂದೂವರೆ ಗ್ರಾಂ ಆಸುಪಾಸಿನಷ್ಟು ಕರಗುತ್ತದೆ, ಉಳಿದದ್ದು ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಲೋಟದಲ್ಲಿ ತೆರೆದಿಟ್ಟು ಒಂದೆರಡು ಗಂಟೆ ಬಿಟ್ಟು ನೋಡಬೇಕು. ಮೇಲೆ ಗಾಜಿನ ಚೂರಿನಂತೆ ಹೊಳೆಯುವ ತೆಳು ಕೆನೆ ಕಟ್ಟಿರುತ್ತದೆ. ಬೆರಳಿನಿಂದ ಒತ್ತಿದರೆ ಚೂರಾಗಿ ಮುಳುಗುತ್ತದೆ. ಆ ಕೆನೆ ಸುಣ್ಣದಕಲ್ಲು. ಭಟ್ಟಿಯಲ್ಲಿ 900 ಡಿಗ್ರಿಯಲ್ಲಿ ಸುಟ್ಟು ಕಲ್ಲಿನಿಂದ ಹೊರಹಾಕಿದ ಕಾರ್ಬನ್ ಡೈ ಆಕ್ಸೈಡನ್ನು ಆ ತಿಳಿನೀರು ಕೋಣೆಯ ಗಾಳಿಯಿಂದ ವಾಪಸು ಪಡೆದು ಮತ್ತೆ ಕಲ್ಲಾಗಿದೆ. ತೊಟ್ಟಿಯಲ್ಲೂ ಅದೇ ನಡೆಯುತ್ತದೆ, ಆದರೆ ಹವಳದ ಮೈಯೊಳಗೆ. ತಿಳಿನೀರು ಕ್ಯಾಲ್ಸಿಯಂ ಕೊಡುತ್ತದೆ, ನೀರಿನಲ್ಲಿರುವ ಕಾರ್ಬನ್ ಡೈ ಆಕ್ಸೈಡನ್ನು ಹಿಡಿದು ಬೈಕಾರ್ಬೋನೇಟ್ ಮಾಡುತ್ತದೆ, ಹವಳ ಎರಡನ್ನೂ ಸರಿಯಾದ ಪ್ರಮಾಣದಲ್ಲೇ ಎತ್ತಿಕೊಳ್ಳುತ್ತದೆ. ಹಿಂದೆ ಉಳಿಯುವುದು ಬರೀ ನೀರು. ಉಪ್ಪು ಸೇರುವುದಿಲ್ಲ, ಪ್ರಮಾಣ ಕೆಡುವುದಿಲ್ಲ. ತಿಳಿನೀರಿನಿಂದ ನಡೆಯುವ ತೊಟ್ಟಿಗಳು ನೀರು ಬದಲಿಸದೆ ದೀರ್ಘಕಾಲ ಉಳಿಯುವುದಕ್ಕೆ ಇದು ಕಾರಣ.

ಒಂದು ಲೀಟರ್ ತಿಳಿನೀರು ಸುಮಾರು 2 ಗ್ರಾಂ ಸುಣ್ಣದಕಲ್ಲಿಗೆ ಸಮ. ನಮ್ಮ ತೊಟ್ಟಿಗೆ ದಿನಕ್ಕೆ 5 ಗ್ರಾಂ ಬೇಕು, ಅಂದರೆ ಎರಡೂವರೆ ಲೀಟರ್. ಅಷ್ಟು ನೀರು ಹಾಕಲು ತೊಟ್ಟಿಯಲ್ಲಿ ಜಾಗ ಬೇಕಲ್ಲ! ಆವಿಯಾಗಿ ಹೋದಷ್ಟನ್ನು ಮಾತ್ರ ತುಂಬಬಹುದು. ಮಂಗಳೂರಿನಂಥ ಊರಿನಲ್ಲಿ, ಗಾಳಿಯೇ ಒದ್ದೆಯಾಗಿರುವ ಕಡೆ, ಇದೇ ತೊಡಕು. ಕಲಬುರಗಿ ಜಿಲ್ಲೆಯ ಒಣ ಬಿಸಿಲಿನಲ್ಲಿ ತೊಡಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವ ಈ ಊರುಗಳಲ್ಲಿ ನೀರಿನ ಮೇಲೆ ಒಂದು ಫ್ಯಾನ್ ತಿರುಗಿಸಿದರೆ ತೊಟ್ಟಿಯಿಂದ ದಿನಕ್ಕೆ ಮೂರು ನಾಲ್ಕು ಲೀಟರ್ ಸಲೀಸಾಗಿ ಆವಿಯಾಗುತ್ತದೆ. ಆ ಆವಿಯೇ ತೊಟ್ಟಿಯನ್ನು ತಣಿಸುತ್ತದೆ ಕೂಡ. ಒಂದು ಲೀಟರ್ ನೀರು ಆವಿಯಾಗುವಾಗ ಕೊಂಡೊಯ್ಯುವ ಶಾಖ 200 ಲೀಟರ್ ನೀರನ್ನು ಹತ್ತಿರ ಹತ್ತಿರ 3 ಡಿಗ್ರಿ ಇಳಿಸುವಷ್ಟಿದೆ. ಹವಳಗಳು 30 ಡಿಗ್ರಿ ಮೇಲೆ ದಿನಗಟ್ಟಲೆ ಇದ್ದರೆ ಬಿಳಿಚಿಕೊಳ್ಳುವುದರಿಂದ ಇದು ಬರೀ ಅನುಕೂಲವಲ್ಲ, ಜೀವದ ಪ್ರಶ್ನೆ. ಸುಣ್ಣ, ಒಣ ಗಾಳಿ ಎರಡೂ ಒಟ್ಟಿಗೆ ಸಿಗುವ ಸೀಮೆ ಇದು. ಮಳೆಗಾಲದಲ್ಲಿ ಮಾತ್ರ ಆವಿ ಕಡಿಮೆಯಾಗುತ್ತದೆ, ಆಗ ತಿಳಿನೀರೊಂದೇ ಸಾಲದು.

ಎಚ್ಚರಿಕೆಯ ಮಾತನ್ನು ಇಲ್ಲೇ ಹೇಳಬೇಕು. ತಿಳಿನೀರಿನ ಪಿಎಚ್ 12 ದಾಟಿರುತ್ತದೆ, ಕಣ್ಣಿಗೆ ಸಿಡಿದರೆ ಕುರುಡಾಗುವ ಅಪಾಯವಿದೆ. ತೊಟ್ಟಿಗೆ ಒಮ್ಮೆಗೇ ಸುರಿದರೆ ಎಲ್ಲವೂ ಸಾಯುತ್ತವೆ. ಹನಿಹನಿಯಾಗಿ, ರಾತ್ರಿಯ ಹೊತ್ತು, ಪಂಪಿನ ರಭಸವಿರುವ ಕಡೆ ಬಿಡಬೇಕು. ಬಣ್ಣ ಬಳಿಯುವ ಸುಣ್ಣ, ಊರಿನ ಭಟ್ಟಿಯ ಸುಣ್ಣ ಇದಕ್ಕಾಗದು. ಜೇಡಿ, ಸಿಲಿಕಾ, ಲೋಹದ ಅಂಶಗಳು ಅದರಲ್ಲಿ ಬೆರೆತಿರುತ್ತವೆ. ಆಹಾರಕ್ಕೋ ಔಷಧಕ್ಕೋ ಯೋಗ್ಯವೆಂದು ಶುದ್ಧ ಮಾಡಿದ ಪುಡಿಯೇ ಬೇಕು. ಹಾಗೆಯೇ ಫರಸಿ ಚೂರನ್ನು ತೊಟ್ಟಿಯಲ್ಲಿಟ್ಟರೆ ಕರಗಿ ಕ್ಯಾಲ್ಸಿಯಂ ಕೊಡುತ್ತದೆ ಎಂಬುದೂ ಆಗದ ಮಾತು. ಸಮುದ್ರದ ನೀರಿನಲ್ಲಿ ಸುಣ್ಣದಂಶ ಈಗಾಗಲೇ ತುಂಬಿರುವುದರಿಂದ ಕಲ್ಲು ಅದರಲ್ಲಿ ಕರಗುವುದಿಲ್ಲ. ಬೇರೆ ಪಾತ್ರೆಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಹಾಯಿಸಿ ನೀರನ್ನು ಹುಳಿ ಮಾಡಿದರೆ ಮಾತ್ರ ಕರಗುತ್ತದೆ.

ಇಲ್ಲಿಯ ಬೋರ್‌ವೆಲ್ ನೀರಿನಲ್ಲೇ ಬೇಕಾದಷ್ಟು ಸುಣ್ಣವಿದೆಯಲ್ಲ, ಅದನ್ನೇ ಹಾಕಿದರಾಗದೇ ಎಂಬ ಪ್ರಶ್ನೆ ಸಹಜ. ಚಹಾದ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುವ ನೀರು ಇದು. ಲೆಕ್ಕ ಹಾಕಿ ನೋಡಿ. ಕ್ಷಾರತೆ ಲೀಟರಿಗೆ 250 ಮಿಲಿಗ್ರಾಂ ಇರುವ ಗಡಸು ನೀರನ್ನು ದಿನಕ್ಕೆ 3 ಲೀಟರ್ ಹಾಕಿದರೆ ಸಿಗುವುದು ಮುಕ್ಕಾಲು ಗ್ರಾಂ, ಬೇಕಾದದ್ದು ಐದು. ಅದರ ಜೊತೆಗೆ ಬಾರದಿದ್ದರೆ ಒಳ್ಳೆಯದಿದ್ದ ವಸ್ತುಗಳೆಲ್ಲ ಬರುತ್ತವೆ. ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ನಮ್ಮ ದೇಶದ ಮಾನಕ ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮನುಷ್ಯನಿಗೆ ಇದು ಸರಿ. ತೊಟ್ಟಿಯಿಂದ ಆವಿಯಾಗುವುದು ಬರೀ ನೀರು, ನೈಟ್ರೇಟ್ ಅಲ್ಲೇ ಉಳಿಯುತ್ತದೆ. ದಿನಕ್ಕೆ 3 ಲೀಟರಿನಂತೆ 67 ದಿನಕ್ಕೆ ತೊಟ್ಟಿಯಷ್ಟೇ ನೀರು ಆವಿಯಾಗಿ ಹೋಗಿರುತ್ತದೆ, ಅಷ್ಟರಲ್ಲಿ ಮಿತಿಯೊಳಗಿನ ಆ ನೀರೇ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟನ್ನು ತೊಟ್ಟಿಯಲ್ಲಿ ಬಿಟ್ಟಿರುತ್ತದೆ. ಒಣ ಸೀಮೆಯ ವರವೇ ಇಲ್ಲಿ ಶಾಪ. ಚಿಂಚೋಳಿಯ ಕೆಂಪು ಜಂಬಿಟ್ಟಿಗೆ ನೆಲದ ಬಾವಿಯ ನೀರು, ವಾಡಿಯ ಸುಣ್ಣದಕಲ್ಲಿನ ಬೋರ್ ನೀರು ಒಂದೇ ಅಲ್ಲ, ಆದರೆ ತೊಟ್ಟಿಗೆ ಎರಡೂ ಬೇಡ. ಈ ಊರುಗಳ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಒಳ್ಳೆಯ ಆರಂಭ. ಅದರಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ, ಅದನ್ನು ಡಿ-ಅಯಾನೈಸಿಂಗ್ ರಾಳದ ಮೂಲಕ ಹಾಯಿಸಿ ಟಿಡಿಎಸ್, ಅಂದರೆ ಕರಗಿ ಉಳಿದ ಲವಣದ ಒಟ್ಟು ಅಳತೆ, ಸೊನ್ನೆಗೆ ತಂದರೆ ಮಾತ್ರ ನಿಶ್ಚಿಂತೆ.

ನೀರು ಬದಲಿಸದೆ ಹವಳ ಉಳಿಸಬಹುದೆಂದು ತೋರಿಸಿದವರ ಪರಂಪರೆ ದೊಡ್ಡದು. ಇಂಡೋನೇಷ್ಯಾದ ಲೀ ಚಿನ್ ಎಂಗ್ 1961ರಲ್ಲೇ ಬ್ಯಾಕ್ಟೀರಿಯಾ ತುಂಬಿದ ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆಗಳಿಂದ ನಡೆಯುವ ತೊಟ್ಟಿಗಳ ಬಗ್ಗೆ ಬರೆದಿದ್ದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ ಪಾಚಿಯ ಹಾಸುಗಳಿಂದ ನೀರು ಶುದ್ಧಿ ಮಾಡುವ ಹವಳದ ದಿಬ್ಬವನ್ನೇ ಕಟ್ಟಿದರು. ಆದರೆ ಈ ಎಲ್ಲಕ್ಕಿಂತ ದೊಡ್ಡ ಪ್ರಯೋಗ ನಡೆದದ್ದು ಅರಿಜೋನಾದ ಮರುಭೂಮಿಯಲ್ಲಿ. ಬಯೋಸ್ಫಿಯರ್-2 ಎಂಬ ಗಾಜಿನ ಮುಚ್ಚಿದ ಲೋಕದೊಳಗೆ 1991ರ ಸೆಪ್ಟೆಂಬರ್‌ನಿಂದ ಎರಡು ವರ್ಷ ಎಂಟು ಜನ ವಾಸಿಸಿದರು. ಅದರೊಳಗೆ 26 ಲಕ್ಷ ಲೀಟರಿಗೂ ಮೀರಿದ ಒಂದು ಪುಟ್ಟ ಸಾಗರ, ಅದರಲ್ಲಿ ಹವಳದ ದಿಬ್ಬ. ನೀರಿನ ಒಂದು ಪಾಲು ಪೆಸಿಫಿಕ್‌ನಿಂದ ತಂದದ್ದು, ಉಳಿದದ್ದು ಉಪ್ಪು ಕಲಸಿ ಮಾಡಿದ್ದು. ಬಾಗಿಲು ಮುಚ್ಚಿದ ಮೇಲೆ ನೀರು ಬದಲಿಸುವ ಮಾತೇ ಇಲ್ಲ.

ಅಲ್ಲಿ ದೊಡ್ಡ ತೊಂದರೆ ಬಂದದ್ದು ಗಾಳಿಯಿಂದ. ಹೊಲದ ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಡಿ ಒಳಗಿನ ಗಾಳಿಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರಿತು, ಅದು ನೀರಿನಲ್ಲಿ ಕರಗಿ ಪಿಎಚ್ ಇಳಿಯಿತು. ಒಳಗಿದ್ದವರು ಬೈಕಾರ್ಬೋನೇಟ್, ಕಾರ್ಬೋನೇಟ್ ಸುರಿದು ಸಾಗರವನ್ನು ಕಾಪಾಡಬೇಕಾಯಿತು. ಇದೇ ಹೊತ್ತಿಗೆ ಇನ್ನೊಂದು ವಿಚಿತ್ರ ನಡೆದಿತ್ತು. ಗಾಳಿಯ ಆಮ್ಲಜನಕ 21ರಿಂದ 14 ಪ್ರತಿಶತದವರೆಗೆ ಕುಸಿಯಿತು, ಆದರೆ ಅಷ್ಟು ಉಸಿರಾಟಕ್ಕೆ ತಕ್ಕ ಕಾರ್ಬನ್ ಡೈ ಆಕ್ಸೈಡ್ ಗಾಳಿಯಲ್ಲಿ ಕಾಣಲಿಲ್ಲ. ಕೊನೆಗೆ ಸಿಕ್ಕಿತು: ಒಳಗಿನ ಕಾಂಕ್ರೀಟ್ ಗೋಡೆಗಳು ಅದನ್ನು ಹೀರಿಕೊಂಡಿದ್ದವು. ಸಿಮೆಂಟಿನೊಳಗಿನ ಸುಣ್ಣ ಮತ್ತೆ ಸುಣ್ಣದಕಲ್ಲಾಗುತ್ತಿತ್ತು. ಲೋಟದ ತಿಳಿನೀರಿನ ಮೇಲೆ ಕೆನೆ ಕಟ್ಟಿಸಿದ ಕ್ರಿಯೆಯೇ ಒಂದು ಕಟ್ಟಡದ ಗಾತ್ರದಲ್ಲಿ. ಮುಂದೆ ಕ್ರಿಸ್ ಲ್ಯಾಂಗ್ಡನ್ ಮತ್ತು ಜೊತೆಗಾರರು ಅದೇ ಸಾಗರದ ಕ್ಯಾಲ್ಸಿಯಂ, ಕಾರ್ಬೋನೇಟ್ ಮಟ್ಟಗಳನ್ನು ಬೇಕೆಂದೇ ಏರಿಸಿ ಇಳಿಸಿ, ಅವೆರಡರ ಗುಣಲಬ್ಧಕ್ಕೆ ತಕ್ಕಂತೆ ದಿಬ್ಬದ ಬೆಳವಣಿಗೆ ಏರಿಳಿಯುತ್ತದೆ ಎಂದು 2000ದಲ್ಲಿ ಪ್ರಕಟಿಸಿದರು. ಸಮುದ್ರ ಹುಳಿಯಾದರೆ ಹವಳಕ್ಕೆ ಏನಾದೀತು ಎಂಬ ಇಂದಿನ ಆತಂಕಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಇದೂ ಒಂದು.

ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳ ಸುತ್ತ ಬದುಕುವವರು ಇದನ್ನು ತಿಳಿದಿರಬೇಕೆಂದು ನನಗನ್ನಿಸುತ್ತದೆ. ಒಂದು ಟನ್ ಕ್ಲಿಂಕರ್, ಅಂದರೆ ಪುಡಿ ಮಾಡಿದರೆ ಸಿಮೆಂಟಾಗುವ ಗಟ್ಟಿ, ಸುಡುವಾಗ ಕಲ್ಲಿನಿಂದಲೇ, ಇಂಧನದ್ದನ್ನು ಬಿಟ್ಟು, ಸುಮಾರು ಅರ್ಧ ಟನ್ ಕಾರ್ಬನ್ ಡೈ ಆಕ್ಸೈಡ್ ಹೊರಬೀಳುತ್ತದೆ. ಮನುಷ್ಯ ಗಾಳಿಗೆ ಬಿಡುವ ಈ ಅನಿಲದ ಸುಮಾರು ಕಾಲುಭಾಗ ಸಮುದ್ರಕ್ಕೆ ಸೇರುತ್ತದೆ. ಮುರುಡೇಶ್ವರದ ಕಡಲಾಚೆ ನೇತ್ರಾಣಿ ದ್ವೀಪದ ಸುತ್ತ ಬದುಕಿರುವ ಹವಳಕ್ಕೂ ನಮ್ಮ ಭಟ್ಟಿಗಳಿಗೂ ಸಂಬಂಧವಿದೆ.

ತೊಟ್ಟಿಗೆ ಹವಳ ಎಲ್ಲಿಂದ ಬರಬೇಕು ಎಂಬುದೂ ಹಗುರವಾದ ವಿಷಯವಲ್ಲ. ಗಟ್ಟಿ ಹವಳ, ಕಪ್ಪು ಹವಳ, ಸಮುದ್ರ ಬೀಸಣಿಗೆಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ. ಮನ್ನಾರ್ ಕೊಲ್ಲಿಯಿಂದಲೋ ಲಕ್ಷದ್ವೀಪದಿಂದಲೋ ಕಿತ್ತು ತಂದ ಹವಳ, ಹವಳದ ಕಲ್ಲು ಕೊಳ್ಳುವುದು ಅಪರಾಧ. ಕೊಳ್ಳುವವರಿಲ್ಲದಿದ್ದರೆ ಕೀಳುವವರೂ ಇರುವುದಿಲ್ಲ. ಸರಂಧ್ರ ಸೆರಾಮಿಕ್ ಕಲ್ಲು, ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನದಲ್ಲಿ ಮರಿ ಮಾಡಿಸಿದ ಕ್ಲೌನ್ ಮೀನುಗಳಿಂದಲೇ ಚೆಂದದ ಉಪ್ಪುನೀರಿನ ತೊಟ್ಟಿ ಕಟ್ಟಬಹುದು. ಅಂಥ ತೊಟ್ಟಿಯಲ್ಲಿ ಸುಣ್ಣದ ಖರ್ಚು ತೀರ ಕಡಿಮೆ, ನೀರು ಬದಲಾವಣೆಯೊಂದೇ ಅದಕ್ಕೆ ಸಾಕು. ಹದಿನೈದು ದಿನಕ್ಕೊಮ್ಮೆ 20 ಲೀಟರ್ ಬದಲಿಸಿದರೆ ಕ್ಷಾರತೆಯೂ ಸೂಕ್ಷ್ಮ ಧಾತುಗಳೂ ಬಹುಮಟ್ಟಿಗೆ ನೆಟ್ಟಗಿರುತ್ತವೆ. ಇಂಥ ತೊಟ್ಟಿಯವರು ದುಬಾರಿ ದ್ರಾವಣಗಳ ಹಿಂದೆ ಬೀಳಬೇಕಾಗಿಲ್ಲ.

ಸೂಕ್ಷ್ಮ ಧಾತುಗಳ ಬಗ್ಗೆ ಒಂದು ಮಾತು. ಅಯೋಡಿನ್, ಕಬ್ಬಿಣ, ಮ್ಯಾಂಗನೀಸ್‌ಗಳು ಲೀಟರಿಗೆ ಮಿಲಿಗ್ರಾಂನ ಸಣ್ಣ ಸಣ್ಣ ಭಾಗದಷ್ಟೇ ಇರುತ್ತವೆ. ಮನೆಯ ಕಿಟ್‌ಗಳಲ್ಲಿ ಇವನ್ನು ನಂಬುವ ಹಾಗೆ ಅಳೆಯಲಾಗುವುದಿಲ್ಲ. ನೀರನ್ನೇ ಬದಲಿಸಬೇಡಿ ಎಂದು ಸಾರುವ ಜರ್ಮನಿಯ ಟ್ರೈಟಾನ್ ಸಂಸ್ಥೆಯ ಪದ್ಧತಿ ನಿಂತಿರುವುದು ಪ್ರಯೋಗಾಲಯದಲ್ಲಿ ಹತ್ತಾರು ಧಾತುಗಳನ್ನು ಒಮ್ಮೆಗೇ ಅಳೆದು ಕೊರತೆಯಾದದ್ದನ್ನು ಮಾತ್ರ ಸೇರಿಸುವುದರ ಮೇಲೆ. ಅಳೆಯುವುದೂ ಇಲ್ಲ, ಬದಲಿಸುವುದೂ ಇಲ್ಲ ಎಂದರೆ ಅದು ಪದ್ಧತಿಯಲ್ಲ, ಕುರುಡು ನಂಬಿಕೆ.

ಯಾವ ಪದ್ಧತಿಯವರಿಗೂ ತಪ್ಪದ ಒಂದು ಸಂದರ್ಭವಿದೆ. ಮನೆಗೆ ಹೊಸ ಬಣ್ಣ ಹೊಡೆದ ದಿನ, ಸೊಳ್ಳೆ ಔಷಧಿ ಸಿಂಪಡಿಸಿದ ದಿನ, ಪಂಪಿನ ಒಳಗಿನ ತುಕ್ಕು ಹಿಡಿದ ಸ್ಕ್ರೂ ತಿಂಗಳುಗಟ್ಟಲೆ ಲೋಹ ಬಿಟ್ಟದ್ದು ಗೊತ್ತಾದ ದಿನ, ಕಲ್ಲಿನ ಸಂದಿಯಲ್ಲಿ ಸತ್ತ ಜೀವಿಯೊಂದು ಕೊಳೆತ ದಿನ. ಏನು ಸೇರಿದೆಯೆಂದೇ ತಿಳಿಯದ ವಿಷಕ್ಕೆ ಲೆಕ್ಕವಿಲ್ಲ, ಮದ್ದಿಲ್ಲ. ಅರ್ಧ ತೊಟ್ಟಿ ನೀರು ತೆಗೆದು ಹೊಸದು ತುಂಬಿದರೆ ವಿಷ ಅರ್ಧಕ್ಕಿಳಿಯುತ್ತದೆ, ಮರುದಿನ ಮತ್ತೆ ಅಷ್ಟೇ ಮಾಡಿದರೆ ಕಾಲುಭಾಗಕ್ಕಿಳಿಯುತ್ತದೆ. ಕರೆಂಟು ಹೋಗಿ ಬಂದು ಮಾಡುವ ಊರುಗಳಲ್ಲಿ, ಸಮುದ್ರದ ಉಪ್ಪಿನ ಪೊಟ್ಟಣ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕಾದ ಕಡೆ, ಆ ಹೊತ್ತಿನಲ್ಲಿ ಉಪ್ಪು ಹುಡುಕುತ್ತ ಕೂರಲಾಗದು. ಉಪ್ಪು ಕಲಸಿದ ಕೂಡಲೇ ನೀರು ಬಳಸುವಂತೆಯೂ ಇಲ್ಲ. ಒಂದು ರಾತ್ರಿಯಾದರೂ ಪಂಪು ಹಾಕಿ ತಿರುಗಿಸಿ, ಲವಣಾಂಶ ಮತ್ತು ಉಷ್ಣತೆ ತೊಟ್ಟಿಗೆ ಸಮ ಬಂದ ಮೇಲೆಯೇ ಹಾಕಬೇಕು. ವರ್ಷಕ್ಕೊಮ್ಮೆಯೂ ನೀರು ಬದಲಿಸದವರ ಮನೆಯಲ್ಲೂ ಮುಚ್ಚಳವಿರುವ ಡ್ರಮ್ಮಿನಲ್ಲಿ ನೂರು ಲೀಟರ್ ಉಪ್ಪುನೀರು ಕಲಸಿ ಸಿದ್ಧವಾಗಿರಬೇಕು, ಅದರೊಳಗೆ ಒಂದು ಸಣ್ಣ ಪಂಪು ತಿರುಗುತ್ತಿರಬೇಕು.